ಗೌಸ್ ಸ್ಟುಡಿಯೋದ ನಾಲ್ಕು ಗಂಟೆ

ನಮ್ಮೂರಿನಲ್ಲಿ ದೀಪ ಹಾಕಿದರೆ, ಆ ದೀಪದ ತಂತಿ ಎಳೆದ ದಿನದ ಬೆಳಕು ಬರುತ್ತದೆ. ಬಲ್ಬು ಹೊಸದೋ ಹಳೆಯದೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಚೆ ಕಚೇರಿಯ ವೈರಿಂಗ್ ನಡೆದದ್ದು ಧನುರ್ಮಾಸದ ಒಂದು ಮುಂಜಾನೆ. ಅಲ್ಲಿಯ ಗುಮಾಸ್ತರು ವೈಶಾಖದಲ್ಲೂ ಮಫ್ಲರ್ ಬಿಚ್ಚುವುದಿಲ್ಲ. ಸೀರೆ ಅಂಗಡಿಯದು ಮುಸ್ಸಂಜೆ. ಅಲ್ಲಿ ಆರಿಸಿದ ಸೀರೆಯನ್ನು ಹೆಂಗಸರು ಎದುರಿನ ಕಾಫಿ ಹೋಟೆಲಿಗೆ ಒಯ್ದು, ಅಲ್ಲಿಯ ಮಾಘಮಾಸದ ಬೆಳಗಿನಲ್ಲಿ ಬಿಡಿಸಿ ನೋಡಿ, ಹಸಿರೋ ನೀಲಿಯೋ ಎಂದು ತೀರ್ಮಾನಿಸಿಕೊಂಡು ಬರುತ್ತಾರೆ. ಹೋಟೆಲಿನವನು ಬೇಡವೆನ್ನುವುದಿಲ್ಲ, ಸೀರೆ ನೋಡಲು ಬಂದವರು ಅರ್ಧ ಕಾಫಿಯನ್ನಾದರೂ ಕುಡಿಯುತ್ತಾರೆ. ನಾನಿರುವ ಬಾಡಿಗೆ ಮನೆಗೆ ತಂತಿ ಎಳೆದ ಪುಣ್ಯಾತ್ಮ ಅರ್ಧ ಕೆಲಸ ಮುಗಿಸಿ ನೆಂಟರ ಮನೆ ಊಟಕ್ಕೆ ಹೋಗಿದ್ದನಂತೆ. ಹೀಗಾಗಿ ನನ್ನ ಪಡಸಾಲೆಯಲ್ಲಿ ಭಾನುವಾರ, ಅಡುಗೆಮನೆಯಲ್ಲಿ ಸೋಮವಾರ. ಭಾನುವಾರದಿಂದ ಎದ್ದು ಸೋಮವಾರಕ್ಕೆ ಹೋಗಿ ಚಹಾ ಕಾಯಿಸಿಕೊಂಡು, ಮತ್ತೆ ಭಾನುವಾರಕ್ಕೆ ಬಂದು ಕೂತು ಕುಡಿಯುವ ಭಾಗ್ಯ ಎಷ್ಟು ಜನಕ್ಕಿದೆ?

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಮುದ್ರಣಾಲಯ ಮುಚ್ಚಿದ ಮೇಲೆ ಊರಿನ ಅಂಗಡಿಯವರಿಗೆ ಮೊಬೈಲಿನಲ್ಲಿ ಜಾಹೀರಾತು ಬರೆದುಕೊಡುವ ಕೆಲಸ ಹಿಡಿದೆ. ಜೀವಮಾನದಲ್ಲಿ ಒಂದು ಮಗುವಿಗೂ ಅಕ್ಷರ ಕಲಿಸಿದವನಲ್ಲ; ಆದರೂ ಕನ್ನಡಕ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲರ ಬಾಯಲ್ಲೂ ನಾನು ಮೇಷ್ಟ್ರು. ಹೊಸ ಕೆಲಸದಲ್ಲಿ ತೊಡಕಿತ್ತು. ನಮ್ಮೂರು ನಕ್ಷೆಯಲ್ಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಎರಡು ಹೊಳೆಗಳ ನಡುವೆ ಒಂದು ಬೂದುಬಣ್ಣದ ಮಚ್ಚೆ ಕಾಣುತ್ತದೆ, ಅದಕ್ಕೆ ಹೆಸರಿಲ್ಲ. ನಮ್ಮವರು ಯಾರಾದರೂ ‘ಹತ್ತಿರದ ಎಲೆಕ್ಟ್ರಿಷಿಯನ್’ ಎಂದು ಹುಡುಕಿದರೆ, ಎರಡು ಘಟ್ಟದಾಚೆಯ ಯಾವನೋ ಒಬ್ಬನ ನಗುಮುಖ ಬರುತ್ತಿತ್ತು.

ಈ ದೂರನ್ನು ಹೊತ್ತು ನನ್ನ ಭಾನುವಾರಕ್ಕೆ ಬಂದವಳು ಮಂಗಳಕ್ಕ. ಪೂರ್ತಿ ಹೆಸರು ಸರ್ವಮಂಗಳಾ. ಕೋಟೆಬೀದಿಯಲ್ಲಿ ‘ಮಂಗಳಾ ಎಲೆಕ್ಟ್ರಿಕಲ್ಸ್’ ಎಂಬ ಅಂಗಡಿ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕಿವಿಯ ಮೇಲೆ ಟೆಸ್ಟರ್ ಇಟ್ಟುಕೊಂಡು ಓಡಾಡುವ ಹೆಂಗಸು. ಐಟಿಐ ಓದುವಾಗ ತರಗತಿಗೆ ಒಬ್ಬಳೇ ಹುಡುಗಿಯಾಗಿದ್ದಳಂತೆ. ಆಗ ಏರಿಸಿದ ದನಿಯನ್ನು ಇನ್ನೂ ಇಳಿಸಿಲ್ಲ.

“ಕೋಟೆಬೀದಿ, ಅಗ್ರಹಾರ, ಸಂತೆಪೇಟೆ, ಎಲ್ಲಾ ಕಡೆ ಅಜ್ಜಂದಿರ ಕಾಲದ ತಂತಿ ಮೇಷ್ಟ್ರೇ. ತಂತಿ ಮೇಲೆ ಸುತ್ತಿದ ಬಟ್ಟೆ ಪುಡಿಪುಡಿ ಆಗಿ ಉದುರ್ತಿದೆ. ಸ್ವಿಚ್ಚು ಮುಟ್ಟಿದ್ರೆ ಕೈ ಜುಮ್ಮನ್ನುತ್ತೆ. ಬದಲಾಯಿಸ್ರಪ್ಪ ಅಂದ್ರೆ ಒಬ್ಬರೂ ಒಪ್ಪಲ್ಲ. ಅಜ್ಜಿ ಮದ್ವೆ ದಿನದ ಬೆಳಕು ಅಂತಾರೆ, ಅಪ್ಪ ಪಾಸಾದ ದಿನದ ಬೆಳಕು ಅಂತಾರೆ. ಮನೆಗೆ ಬೆಂಕಿ ಬಿದ್ರೆ ಅದರ ಬೆಳಕಲ್ಲಿ ಕೂತ್ಕೋತಾರಾ?”

“ಇದನ್ನೇ ಬರೆಯೋಣ” ಎಂದೆ.

ಬರೆದೆ. ಜಾಹೀರಾತಿನಲ್ಲಿ ಭಯ ಕೆಲಸ ಮಾಡುತ್ತದೆ ಎಂದು ಎಲ್ಲೋ ಓದಿದ್ದೆ. ಕಪ್ಪು ಹಿನ್ನೆಲೆ, ಕೆಂಪಕ್ಷರ: ‘ನಿಮ್ಮ ಗೋಡೆಯೊಳಗೆ ಏನು ಹೊಗೆಯಾಡುತ್ತಿದೆ ಗೊತ್ತೇ?’ ಊರಿನ ಗ್ರೂಪುಗಳಿಗೆಲ್ಲ ಹಂಚಿದೆ. ಒಬ್ಬರೂ ಫೋನು ಮಾಡಲಿಲ್ಲ. ಕೆಳಗೆ ಒಬ್ಬರು ‘ನಮ್ಮ ಅತ್ತೆ’ ಎಂದು ಬರೆದಿದ್ದರು, ಅದಕ್ಕೆ ಮಾತ್ರ ಲೈಕುಗಳ ಸುರಿಮಳೆ. ಅದರ ಜತೆಗೆ, ಮಂಗಳಕ್ಕ ಹಿಂದೆ ಕೆಲಸ ಮಾಡಿಕೊಟ್ಟವರು ನಾನು ತೆರೆದಿದ್ದ ಅಂಗಡಿಯ ಪೇಜಿಗೆ ಬಂದು ಮನಸ್ಸು ಬಿಚ್ಚತೊಡಗಿದರು. ‘ಕೆಲಸ ಅಚ್ಚುಕಟ್ಟು. ಆದರೆ ಅವತ್ತು ಮೋಡ ಇತ್ತು. ಮನೆಯವರೆಲ್ಲ ಆವಾಗಿನಿಂದ ಆಕಳಿಸುತ್ತಿದ್ದೇವೆ. ಎರಡು ಸ್ಟಾರು.’ ಇನ್ನೊಬ್ಬರು: ‘ತಂತಿ ಎಳೆಯುವಾಗ ನನಗೂ ನಮ್ಮ ಮನೆಯವರಿಗೂ ಜಗಳ ನಡೆದಿತ್ತು. ಆ ಬೆಳಕಲ್ಲಿ ಈಗಲೂ ಊಟ ಸೇರುವುದಿಲ್ಲ. ಒಂದು ಸ್ಟಾರು.’

“ಅವರ ಜಗಳಕ್ಕೆ ನನ್ನ ಸ್ಟಾರು ಯಾಕೆ ಕಿತ್ಕೊಂಡ್ರು?” ಎಂದಳು ಮಂಗಳಕ್ಕ.

ನ್ಯಾಯವಾದ ಪ್ರಶ್ನೆ. ನಾನು ದಾರಿ ಬದಲಿಸಿದೆ. ಭಯ ಬಿಟ್ಟು ಆಸೆ ಮಾರೋಣ ಎಂದೆ. ‘ನಿಮ್ಮ ಮನೆಗೆ ಬೇಕಾದ ದಿನವನ್ನು ನೀವೇ ಆರಿಸಿ. ಆ ದಿನ ಬಂದು ತಂತಿ ಎಳೆದುಕೊಡುತ್ತೇವೆ.’ ಇದು ಹಿಡಿಯಿತು. ಫೋನಿನ ಮೇಲೆ ಫೋನು. ಎಲ್ಲರಿಗೂ ಬೇಕಾದದ್ದು ಮಾತ್ರ ಒಂದೇ ದಿನ: ಮಳೆ ನಿಂತು ಮೊದಲ ಬಿಸಿಲು ಬೀಳುವ, ಅಂಗಳ ಇನ್ನೂ ಒದ್ದೆಯಿರುವ ಬೆಳಗು. ಅಂಥದ್ದು ವರ್ಷಕ್ಕೆ ಬರುವುದೇ ಅಪರೂಪ. ಬಂದಾಗ ಮಂಗಳಕ್ಕ ಒಬ್ಬಳು ಎಷ್ಟು ಮನೆಗೆ ಓಡಬೇಕು? ಆಷಾಢಕ್ಕೆ ರಿಯಾಯಿತಿ ಹಾಕಿ ನೋಡಿದೆ. ನಿದ್ದೆ ಬಾರದ ಒಬ್ಬ ವಕೀಲರು ಮಲಗುವ ಕೋಣೆಗೆಂದು ಒಂದು ಜಡಿಮಳೆಯ ಮಧ್ಯಾಹ್ನ ತೆಗೆದುಕೊಂಡರು. ಆಮೇಲೆ ಕೋರ್ಟಿಗೆ ಹೋಗುವುದನ್ನೇ ಬಿಟ್ಟರು ಎಂದು ಸುದ್ದಿ. ಉಳಿದವರು ಒಳ್ಳೆಯ ದಿನ ಬರಲಿ ಎಂದು ಕಾದು ಕೂತರು. ತಂತಿಗಳು ಉದುರುತ್ತಲೇ ಇದ್ದವು. ಜನ ಹಳೆಯ ಬೆಳಕು ಬಿಡಬೇಕಾದರೆ ಹೊಸದು ಎಷ್ಟು ಚೆನ್ನಾಗಿರಬಹುದೆಂದು ಒಂದು ಮಾದರಿ ತೋರಿಸಬೇಕು ಎನ್ನಿಸಿತು. ಮಾದರಿಗೆ ನಮ್ಮೂರಿನಲ್ಲಿ ಗೌಸ್ ಸ್ಟುಡಿಯೋದ ಬೆಳಕಿಗಿಂತ ಮಿಗಿಲು ಯಾವುದಿದೆ?

ಈ ಸ್ಟುಡಿಯೋದ ಬಗ್ಗೆ ಹೇಳಬೇಕು. ಗೌಸ್ ಸಾಹೇಬರ ತಂದೆ ಅದನ್ನು ತೆರೆದದ್ದು. ಒಂದು ಕಿಟಕಿಯೂ ಇಲ್ಲದ ಉದ್ದನೆಯ ಕೋಣೆ, ನಡುವೆ ಕೈಯಿರುವ ಒಂದು ಕುರ್ಚಿ, ಎದುರಿಗೆ ಮರದ ಕಾಲಿನ ಕ್ಯಾಮೆರಾ. ಅದಕ್ಕೆ ತಂತಿ ಎಳೆದದ್ದು ಯಾವುದೋ ಒಂದು ಕಾರ್ತಿಕದ ದಿನ ನಾಲ್ಕು ಗಂಟೆಯ ಹೊತ್ತಿಗೆ. ಸ್ವಿಚ್ಚು ಹಾಕಿದರೆ ಜೇನಿನಂಥ ಓರೆ ಬಿಸಿಲು ಎಡಗಡೆಯಿಂದ ಬಂದು ಕುರ್ಚಿಯ ಮೇಲೆ ಕೂರುತ್ತದೆ. ಊರಿನ ಮುಖಗಳೆಲ್ಲ ಆ ಬಿಸಿಲಿನಲ್ಲೇ ಚಿತ್ರವಾಗಿವೆ. ಹೀಗಾಗಿ ನಮ್ಮ ಮನೆಗಳ ಆಲ್ಬಂ ತೆರೆದರೆ ಮುತ್ತಜ್ಜ, ಅಜ್ಜ, ಮೊಮ್ಮಗ ಎಲ್ಲರೂ ಒಂದೇ ಮಧ್ಯಾಹ್ನ ಸಾಲಾಗಿ ಬಂದು ಕೂತು ಎದ್ದು ಹೋದಂತೆ ಕಾಣುತ್ತಾರೆ. ಸತ್ತವರು ಬಹಳ ದೂರ ಹೋಗಿಲ್ಲ ಎಂಬ ಒಂದು ಭಾವನೆ ನಮ್ಮೂರಿನವರಲ್ಲಿ ಇರುವುದು ಇದರಿಂದಲೇ ಇರಬೇಕು.

ಇನ್ನೊಂದು ವಾಡಿಕೆಯೂ ಇದೆ. ಗಂಡ ಹೆಂಡಿರಲ್ಲಿ ಒಬ್ಬರು ತೀರಿಕೊಂಡರೆ, ಉಳಿದವರು ಸೂತಕ ಕಳೆದ ಮೇಲೆ ಸ್ಟುಡಿಯೋಕ್ಕೆ ಬಂದು ಅದೇ ಕುರ್ಚಿಯಲ್ಲಿ ಒಬ್ಬರೇ ಕೂರುತ್ತಾರೆ. ಆ ಚಿತ್ರವನ್ನು ಹೋದವರ ಚಿತ್ರದ ಪಕ್ಕ ತೂಗುಹಾಕುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬಿಸಿಲು ಹಾಯುತ್ತದೆ. ಹಾಗೆ ಕೂತವರ ಮುಖ ಗಂಟಾಗಿರುತ್ತದಲ್ಲ, ಅದನ್ನು ಬಿಡಿಸಲು ಗೌಸ್ ಸಾಹೇಬರು ಒಂದು ಉಪಾಯ ಮಾಡುತ್ತಿದ್ದರು. “ಗಲ್ಲ ಚೂರು ಮೇಲೆ. ಭುಜ ಬಿಡಿ. ಉಸಿರು ಬಿಡಿ” ಎಂದೆಲ್ಲ ಹೇಳಿ, ಕೊನೆಗೆ ಪಕ್ಕಕ್ಕೆ ಕೈ ತೋರಿಸಿ, “ಅಲ್ನೋಡಿ, ಬಂದ್ರು” ಎನ್ನುತ್ತಿದ್ದರು. ಸುಳ್ಳೆಂದು ಗೊತ್ತಿದ್ದರೂ ಯಾರೂ ಅತ್ತ ತಿರುಗದೆ ಇರಲಿಲ್ಲ. ತಿರುಗಿದ ಆ ಗಳಿಗೆಯ ಮುಖಗಳೇ ನಮ್ಮೂರಿನ ಗೋಡೆಗಳ ಮೇಲಿರುವುದು.

ಆದರೆ ಗೌಸ್ ಸಾಹೇಬರು ಸ್ವತಃ ಕೂತಿರಲಿಲ್ಲ. ಅವರ ಬೇಗಂ ಜುಲೇಖಾ ಹೋದ ವರ್ಷ ತೀರಿಕೊಂಡರು. ಆಕೆಯ ಚಿತ್ರ ಸ್ಟುಡಿಯೋದ ಗೋಡೆಯ ಮೇಲಿದೆ. ತೆಗೆಸಿಕೊಳ್ಳುವ ದಿನ ಒಲೆಯ ಮೇಲೆ ಹಾಲಿಟ್ಟು ಬಂದಿದ್ದರಂತೆ. ಚಿತ್ರದಲ್ಲಿ ಒಂದು ಕೈ ಕುರ್ಚಿಯ ತೋಳಿನ ಮೇಲೆ ಊರಿದೆ, ಮೈ ಅರ್ಧ ಎದ್ದಿದೆ, ಮುಖದಲ್ಲಿ ‘ಮುಗೀತಲ್ಲ, ಹೊರಟೆ’ ಎಂಬ ಭಾವ. ಅದರ ಪಕ್ಕದ ಮೊಳೆ ಖಾಲಿ. ಕೇಳಿದವರಿಗೆಲ್ಲ ಸಾಹೇಬರು “ಪುರಸೊತ್ತಿಲ್ಲ” ಎನ್ನುತ್ತಿದ್ದರು. ಇಡೀ ದಿನ ಆ ಕುರ್ಚಿಯ ಎದುರಿಗೇ ನಿಂತಿರುವ ಮನುಷ್ಯ!

ಅಲ್ಲಿಯ ತಂತಿಯೂ ಹೋಗುವ ಹಂತಕ್ಕೆ ಬಂದಿತ್ತು. ಒಂದು ದಿನ ಸುಟ್ಟ ವಾಸನೆ ಬಂತೆಂದು ಪಕ್ಕದ ಅಂಗಡಿಯವರು ಮಂಗಳಕ್ಕನನ್ನು ಕರೆಸಿದರು. ಅವಳು ತಂತಿ ಮುಚ್ಚಿದ್ದ ಮರದ ಪಟ್ಟಿ ಬಿಚ್ಚಿ ನೋಡಿ ನಾಲಿಗೆ ಕಚ್ಚಿಕೊಂಡಳು.

“ಸಾಹೇಬ್ರೇ, ಇದನ್ನ ಇವತ್ತೇ ತೆಗೀಬೇಕು.”

“ತೆಗೆಯೋಣಮ್ಮ, ತೆಗೆಯೋಣ.”

“ಹೋದ ಸಲವೂ ಇದೇ ಅಂದ್ರಿ. ತೆಗೆಯೋಕೆ ಮೊದಲು ನೀವು ಒಂದ್ಸಲ ಕೂತುಬಿಡಿ. ಬೆಳಕು ಹೋದ್ಮೇಲೆ ಬೇಗಂ ಅವರ ಜೋಡಿ ಸಿಗಲ್ಲ.”

“ನನ್ನ ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟು ನಾನು ಕೂತ್ಕೊಳ್ಳೋದಾ?” ಎಂದು ಸಾಹೇಬರು ಒರೆಸಿದ ಲೆನ್ಸನ್ನೇ ಮತ್ತೆ ಒರೆಸತೊಡಗಿದರು. ಕೂತರೆ ಆಕೆ ಹೋದದ್ದು ಖಾಯಂ ಆಗುತ್ತದೆ. ಕೂರದಿದ್ದರೆ ಪಕ್ಕದ ಜಾಗ ಎಂದೆಂದಿಗೂ ಖಾಲಿ. ಇಷ್ಟನ್ನು ನನ್ನ ಕನ್ನಡಕವೂ ಕಾಣಬಲ್ಲದು.

ಮಾದರಿಯ ಜಾಹೀರಾತೂ ಆಗಲಿ, ಸಾಹೇಬರಿಗೂ ಒಂದು ಸಣ್ಣ ತಿವಿತ ಆಗಲಿ ಎಂದು ನಾನು ಆ ಕುರ್ಚಿಯ ಮೇಲೆ ಬಿದ್ದ ಬಿಸಿಲಿನ ಫೋಟೋ ಹಾಕಿ ಬರೆದೆ: ‘ಈ ಬೆಳಕು ಇನ್ನು ಬಹಳ ದಿನ ಇರುವುದಿಲ್ಲ. ನಿಮ್ಮ ಮನೆಗೂ ಇಂಥದೊಂದು ಮಧ್ಯಾಹ್ನ ಬೇಕೇ? ಮಂಗಳಾ ಎಲೆಕ್ಟ್ರಿಕಲ್ಸ್‌ಗೆ ಕರೆ ಮಾಡಿ.’ ನಮ್ಮೂರಿನ ಜನ ಮೊದಲ ವಾಕ್ಯ ಓದಿದೊಡನೆ ಚಪ್ಪಲಿ ಮೆಟ್ಟುವವರು ಎಂಬುದನ್ನು ಮರೆತಿದ್ದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದ ಬಾಗಿಲಿನಿಂದ ಶುರುವಾದ ಸಾಲು ಕೋಟೆಬೀದಿ ದಾಟಿ ಹೂವಿನ ಅಂಗಡಿಗಳ ಬಳಿ ತಿರುಗಿತ್ತು. ಕೂಸುಗಳನ್ನು ಎತ್ತಿಕೊಂಡವರು, ಹೊಸದಾಗಿ ಮದುವೆಯಾದವರು, ನಾಳೆ ಕೂರೋಣ ನಾಳೆ ಕೂರೋಣ ಎಂದು ಮುಂದೂಡುತ್ತ ಬಂದಿದ್ದ ವಿಧವೆಯರು, ವಿಧುರರು. ಬಗಲಲ್ಲಿ ಟವೆಲು ಸುತ್ತಿದ ಫ್ರೇಮುಗಳು. ಸಾಹೇಬರಿಗೆ ಒಬ್ಬರನ್ನೂ ಬೇಡವೆನ್ನುವ ಸ್ವಭಾವವಿಲ್ಲ. ದೀಪ ಒಮ್ಮೆ ಹತ್ತಿದ್ದು ಆರಲಿಲ್ಲ. ಕೂತರು, ಎದ್ದರು, ಕೂತರು. ನಾನು ಬಾಗಿಲ ಬಳಿ ನಿಂತು, ನನ್ನ ಬರವಣಿಗೆಗೆ ಇಷ್ಟು ಓದುಗರು ಮುದ್ರಣಾಲಯದ ಕಾಲದಲ್ಲಿ ಇರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಪಟ್ಟಿಯ ಸಂದಿನಿಂದ ಒಂದು ತೆಳುವಾದ ಹೊಗೆ ಎದ್ದು, ಆ ಜೇನುಬಿಸಿಲಿನಲ್ಲಿ ಊದುಬತ್ತಿಯ ಹೊಗೆಯಷ್ಟು ಚೆಂದವಾಗಿ ಸುತ್ತತೊಡಗಿತು. ಯಾರಿಗೂ ಗಾಬರಿಯಾಗಲಿಲ್ಲ. ಎಷ್ಟು ಚೆನ್ನಾಗಿದೆ ಎಂದು ಒಬ್ಬರು ಅಂದರು ಕೂಡ.

ಮಂಗಳಕ್ಕ ಜನರನ್ನು ತಳ್ಳಿಕೊಂಡು ಬಂದವಳೇ ಫ್ಯೂಸು ಕಿತ್ತಳು. ಬಿಸಿಲು ಆರಿತು. ಬಾಗಿಲಿನಿಂದ ಬಂದ ಮಬ್ಬು ಬೆಳಕಿನಲ್ಲಿ ಅವಳು ಪಟ್ಟಿ ಎಬ್ಬಿಸಿ ಬೆರಳಾಡಿಸಿದಳು. ಬೆರಳು ಕಪ್ಪಾಯಿತು.

“ಮೇಷ್ಟ್ರೇ, ನಿಮ್ಮ ಜಾಹೀರಾತಿಗೆ ಐದು ಸ್ಟಾರು” ಎಂದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು. “ಇನ್ನೊಂದು ಫೋಟೋ. ಅಷ್ಟೇ. ಮರಳು ಬಕೆಟ್ ಪಕ್ಕದಲ್ಲಿಟ್ಕೊಂಡು, ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರ್ತೀನಿ. ಅದಾದ್ಮೇಲೆ ಕತ್ತರಿಸ್ತೀನಿ. ಯಾರು ಏನೇ ಹೇಳಿದ್ರೂ ಕತ್ತರಿಸ್ತೀನಿ.”

ಸುದ್ದಿ ಸಾಲಿನುದ್ದಕ್ಕೂ ಪಿಸುಪಿಸು ಹರಿದು, ಹೂವಿನ ಅಂಗಡಿ ಮುಟ್ಟಿ, ಮೌನವಾಗಿ ವಾಪಸು ಬಂತು. ಉಳಿದದ್ದು ಒಬ್ಬರಿಗೆ ಸಾಲುವಷ್ಟೇ ಮಧ್ಯಾಹ್ನ. ಸಾಲಿನ ಮೊದಲಿಗೆ ನಿಂತಿದ್ದವಳು ಬಾಳೆಹಣ್ಣು ಮಾರುವ ನಿಂಗಾಜಮ್ಮ. ಗಂಡನ ಫ್ರೇಮನ್ನು ಎದೆಗೆ ಅವುಚಿಕೊಂಡಿದ್ದಳು.

“ಸರದಿ ಪ್ರಕಾರ ನಿಂಗಾಜಮ್ಮ ಬರಲಿ” ಎಂದರು ಸಾಹೇಬರು. ದನಿಯಲ್ಲಿ ಬಿಡುಗಡೆಯಿತ್ತು.

ನಿಂಗಾಜಮ್ಮ ಕುರ್ಚಿಯನ್ನು ನೋಡಿದಳು, ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡಿದಳು. “ನಾನ್ಯಾಕ್ ಕೂರ್ಲಿ? ನಮ್ಮೆಜಮಾನ್ರಿಗೆ ಬದುಕಿರೋಗಂಟ ನನ್ನ ಮಕ ನೋಡೀ ನೋಡೀ ಸಾಕಾಗಿತ್ತು. ಈಗ ಗೋಡೆ ಮೇಲೆ ಒಬ್ರೇ ಆರಾಮಾಗವ್ರೆ. ನೀವು ಕೂತ್ಕಳಿ ಸಾಹೇಬ್ರೇ.”

“ಅಲ್ಲಮ್ಮ, ನಿನ್ನ ಸರದಿ...”

“ನನ್ನ ಸರದಿ ನಾನು ಯಾರಿಗಾದ್ರೂ ಕೊಡ್ತೀನಿ. ಬಾಳೆಹಣ್ಣು ಕೊಸರು ಕೊಟ್ಟಂಗೆ. ಜುಲೇಕಮ್ಮ ಒಂದು ವರ್ಸದಿಂದ ಅರ್ಧ ಎದ್ದು ನಿಂತವ್ಳೆ, ಸೊಂಟ ನೋಯಾಕಿಲ್ವಾ?”

ಹಿಂದಿನಿಂದ ಯಾರೋ ನಕ್ಕರು. ಇನ್ಯಾರೋ “ಕೂತ್ಕೊಳ್ಳಿ ಸಾಹೇಬ್ರೇ” ಎಂದರು. ಅದು ಒಬ್ಬರಿಂದೊಬ್ಬರಿಗೆ ದಾಟಿ ಬೀದಿಯ ತುದಿಯವರೆಗೂ ಹೋಯಿತು. ಬೆಳಗಿನಿಂದ ಬೀದಿಯಲ್ಲಿ ನಿಂತು ಸರದಿ ಕಳೆದುಕೊಂಡ ಜನ, ನಾಟಕ ನೋಡಲು ಬಂದವರ ಹುರುಪಿನಲ್ಲಿ ಕೂಗುತ್ತಿದ್ದರು.

“ತೆಗೆಯೋರು ಯಾರು?” ಸಾಹೇಬರ ಕೊನೆಯ ಬಾಣ.

“ಮೇಷ್ಟ್ರು ಇಲ್ಲೇ ಅವ್ರಲ್ಲ” ಎಂದಳು ನಿಂಗಾಜಮ್ಮ. “ಕನ್ನಡಕ ಐತೆ.”

ಹೀಗೆ ನಾನು ಕ್ಯಾಮೆರಾದ ಹಿಂದೆ ನಿಂತೆ. ಸಾಹೇಬರು ಟೋಪಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಊರನ್ನೆಲ್ಲ ಕೂರಿಸಿದ ಮನುಷ್ಯನಿಗೆ ಕೂರಲು ಬರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟರು, ಆಮೇಲೆ ಕಟ್ಟಿಕೊಂಡರು, ಆಮೇಲೆ ತಮ್ಮದಲ್ಲವೆಂಬಂತೆ ಅವನ್ನು ನೋಡುತ್ತ ಕೂತರು. ಅಲ್ಲಿಂದಲೇ ನನಗೆ ಅಪ್ಪಣೆ: ಗುಂಡಿ ಮೆಲ್ಲಗೆ ಒತ್ತಬೇಕು, ಉಸಿರು ಹಿಡಿದಿರಬೇಕು, ತಾವು ಹೇಳುವವರೆಗೂ ಒತ್ತಲೇಬಾರದು. ಮಂಗಳಕ್ಕ ಫ್ಯೂಸು ಸಿಕ್ಕಿಸಿದಳು. ನಾಲ್ಕು ಗಂಟೆಯ ಬಿಸಿಲು ಇನ್ನೊಂದು ಸಲ ಬಂತು. ಬೇರೆ ದಿನಗಳಿಗಿಂತ ತುಸು ಕೆಂಪಾಗಿತ್ತು. ಮುಳುಗುವ ಮುಂಚಿನ ಬಿಸಿಲು ಹಾಗೆಯೇ ಅಲ್ಲವೇ? ಅದರಲ್ಲಿ ಗೌಸ್ ಸಾಹೇಬರು ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಕೂತಿದ್ದರು.

“ಬೇಗ” ಎಂದಳು ಮಂಗಳಕ್ಕ. ಪಟ್ಟಿಯೊಳಗೆ ಚಿಟಚಿಟ ಶುರುವಾಗಿತ್ತು.

“ಗಲ್ಲ ಚೂರು ಮೇಲೆ” ಎಂದು ಬಾಗಿಲಿನಿಂದ ಒಂದು ದನಿ ಬಂತು. ನಿಂಗಾಜಮ್ಮನದು. ಸಾಹೇಬರು ಬೆಚ್ಚಿ ಗಲ್ಲ ಎತ್ತಿದರು. “ಭುಜ ಬುಡಿ.” ಬಿಟ್ಟರು. “ಉಸ್ರು ಬುಡಿ ಸಾಹೇಬ್ರೇ, ಅದ್ಯಾಕ್ ಕಟ್ಕಂಡಿದ್ದೀರಿ?” ಅದನ್ನೂ ಬಿಟ್ಟರು. ಆ ಸಾಲಿನಲ್ಲಿ ನಿಂತಿದ್ದ ಎಷ್ಟೋ ಜನಕ್ಕೆ ಮುಂದಿನ ಮಾತು ಯಾವುದೆಂದು ಗೊತ್ತಿತ್ತು. ನಿಂಗಾಜಮ್ಮ ಫ್ರೇಮನ್ನು ಒಂದು ಕೈಗೆ ದಾಟಿಸಿ, ಇನ್ನೊಂದು ಕೈಯನ್ನು ಪಕ್ಕಕ್ಕೆ ಚಾಚಿದಳು.

“ಅಲ್ನೋಡಿ, ಬಂದ್ರು.”

ಸಾಹೇಬರು ತಿರುಗಿದರು. ಆ ಸುಳ್ಳನ್ನು ಹುಟ್ಟಿಸಿದವರೇ ಅವರು, ಆದರೂ ತಿರುಗಿದರು. ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಕೈ ತಾನಾಗಿ ಎದ್ದು ಮುಂದಕ್ಕೆ ಚಾಚಿತು. “ತಡಿ” ಎಂದರು. ನನಗೆ ಹೇಳಿದ್ದಲ್ಲ, ನನ್ನೊಡನೆ ಅವರು ಯಾವತ್ತೂ ಬಹುವಚನದಲ್ಲೇ ಮಾತಾಡುವವರು. ನಾನು ಒತ್ತಿದೆ. ಪಟ್ಟಿಯೊಳಗೆ ಏನೋ ಪಟ್ಟೆಂದು, ನಮ್ಮೆಲ್ಲರ ಮುತ್ತಜ್ಜಂದಿರು ಕೂತೆದ್ದು ಹೋಗಿದ್ದ ಮಧ್ಯಾಹ್ನ ಮುಗಿಯಿತು. ಮಂಗಳಕ್ಕ ಮೇನ್ ಇಳಿಸಿದಳು.

ಅವಳು ಹೊಸ ತಂತಿಗೆ ಒಳ್ಳೆಯ ದಿನಕ್ಕಾಗಿ ಕಾಯಲಿಲ್ಲ. ಆಗಿಂದಾಗಲೇ ಏಣಿ ತರಿಸಿದಳು. ಪಂಚಾಂಗ ನೋಡಿದವರಿಲ್ಲ. ಆಕಾಶದಲ್ಲಿ ಅಷ್ಟಿಷ್ಟು ಮೋಡ, ಬಿಸಿಲೆಂದರೆ ಬಿಸಿಲಲ್ಲ, ನೆರಳೆಂದರೆ ನೆರಳಲ್ಲ. ಬಾಗಿಲು ಹಾರುಹೊಡೆದಿತ್ತು. ಸಾಲಿನಲ್ಲಿದ್ದವರು ಮನೆಗೆ ಹೋಗದೆ ಅಲ್ಲೇ ಕಟ್ಟೆಗಳ ಮೇಲೆ ಕೂತು, ನಿಂಗಾಜಮ್ಮನ ಬಾಳೆಹಣ್ಣು ತಿನ್ನುತ್ತ, ತಂತಿ ಹೇಗೆ ಎಳೆಯಬೇಕೆಂದು ಮಂಗಳಕ್ಕನಿಗೆ ಹೇಳಿಕೊಡುತ್ತಿದ್ದರು. ಸಂಜೆಗೆ ಹೊಸ ದೀಪ ಹತ್ತಿದಾಗ ಬಂದದ್ದು ಆ ದಿನವೇ: ಮಾಸಲು, ಎಲ್ಲ ಕಡೆಗೂ ಸಮನಾಗಿ ಬೀಳುವ, ಬಾಗಿಲಾಚೆ ಯಾರೋ ಕಾದಿದ್ದಾರೆ ಅನ್ನಿಸುವ ಬೆಳಕು. ಅದರಲ್ಲಿ ಮೊದಲು ಕೂತವಳು ನಿಂಗಾಜಮ್ಮ. ಗಂಡನ ಬಿಸಿಲಿಗೂ ಇವಳ ಮೋಡಕ್ಕೂ ಹೊಂದಲಿಲ್ಲ. “ಸರಿಹೋಯ್ತು ಬುಡಿ. ಇದ್ದಾಗ್ಲೂ ಹಂಗೇ ಇದ್ವಿ” ಎಂದು ಎರಡನ್ನೂ ಬಗಲಲ್ಲಿಟ್ಟುಕೊಂಡು ಹೋದಳು.

ಆಮೇಲಿನಿಂದ ಮಂಗಳಕ್ಕನ ಫೋನಿಗೆ ಬಿಡುವಿಲ್ಲ. ಸ್ಟುಡಿಯೋದ ತಂತಿಯೇ ಹೋಯಿತಂತೆ, ಇನ್ನು ನಮ್ಮದೇನು ಎಂಬ ಧೈರ್ಯ ಜನಕ್ಕೆ ಬಂದಿದೆ. ದಿನ ಆರಿಸುವ ಹಟವೂ ಕಡಿಮೆಯಾಗಿದೆ; ‘ನೀನು ಬಂದ ದಿನವೇ ಸರಿ’ ಎನ್ನುತ್ತಾರೆ. ಜಾಹೀರಾತು ನಿಲ್ಲಿಸಿಬಿಡಿ ಎಂದು ಅವಳು ನನಗೆ ಹೇಳಿದಳು. ಒಬ್ಬ ಜಾಹೀರಾತುಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ, ಇದಕ್ಕಿಂತ ದೊಡ್ಡ ಪೆಟ್ಟೂ ಇಲ್ಲ. ಪೇಜಿನಲ್ಲಿ ಗೌಸ್ ಸಾಹೇಬರೂ ಬರೆದಿದ್ದಾರೆ: ‘ಕೆಲಸ ಅಚ್ಚುಕಟ್ಟು. ಬೆಳಕು ಬೇರೆ. ಅಭ್ಯಾಸವಾಗುತ್ತದೆ.’ ನಾಲ್ಕು ಸ್ಟಾರು.

ಮೊನ್ನೆ ನಾನೂ ಮಂಗಳಕ್ಕನೂ ಸ್ಟುಡಿಯೋಕ್ಕೆ ಹೋಗಿದ್ದೆವು. ಎರಡು ಫ್ರೇಮುಗಳೂ ಅಕ್ಕಪಕ್ಕ ತೂಗುತ್ತಿವೆ. ನನ್ನ ಕೈ ಅಲುಗಿದ್ದರಿಂದ ಸಾಹೇಬರ ಅಂಚು ತುಸು ಮಸುಕು. ಬಾಯಿ ಅರ್ಧ ತೆರೆದಿದೆ, ಕೈ ಪಕ್ಕದ ಫ್ರೇಮಿನತ್ತ ಚಾಚಿದೆ. ‘ತಡಿ’ ಎಂದದ್ದು ಕಣ್ಣಿಗೇ ಕೇಳಿಸುತ್ತದೆ. ನಡುವಿನ ಗೋಡೆಯನ್ನು ದಾಟಿ ಬಿಸಿಲು ಆಕೆಯ ಮೊಣಕೈಗೆ ಬೀಳುತ್ತದೆ.

“ಇದನ್ನ ಪೇಜಿಗೆ ಹಾಕಿದ್ರೆ ಎಷ್ಟು ಜನ ನೋಡ್ತಾರೆ ಮೇಷ್ಟ್ರೇ?”

“ಊರೆಲ್ಲ.”

“ಹಾಕ್ಬೇಡಿ.”

“ಹಾಕಲ್ಲ.”

ಒಳಗೆ ಸಾಹೇಬರು ಚಹಾಕ್ಕೆ ಹಾಲು ಕಾಯಿಸುತ್ತಿದ್ದರು. ನಾನು ಫ್ರೇಮಿನ ಹತ್ತಿರಕ್ಕೆ ಹೋಗಿ ಕನ್ನಡಕ ಒರೆಸಿಕೊಂಡು ನೋಡಿದೆ. ಜುಲೇಖಾ ಬೇಗಂ ಅವರ ಊರಿದ ಕೈ ಸಡಿಲಾಗಿತ್ತು. ಬೆನ್ನು ಕುರ್ಚಿಗೆ ತಾಗಿತ್ತು. ಮೊದಲು ಹಾಗಿರಲಿಲ್ಲ. ಹೊಸ ಬೆಳಕಿನಲ್ಲಿ ಹಾಗೆ ಕಾಣುತ್ತಿರಬೇಕು ಎಂದು ಮಂಗಳಕ್ಕನಿಗೆ ಹೇಳಿದೆ.

“ಬೆಳಕಿನ ವಿಷ್ಯ ನಂಗೆ ಬಿಡಿ ಮೇಷ್ಟ್ರೇ” ಎಂದಳು ಅವಳು, ದನಿ ತಗ್ಗಿಸಿ. “ಅವರು ಕೂತ್ಕೊಂಡಿದಾರೆ.”